ಸೈಕಲ್ ಸವಾರನ ಮುಖ

ಬೀದಿಯಲ್ಲಿ ತೆಗೆದ ಫೋಟೊಗಳಲ್ಲಿ ಬದುಕಿರುವವರ ಮುಖ ಮೂಡುವುದಿಲ್ಲ. ಅವರು ಸತ್ತ ದಿನ ಹಳೆಯ ಫೋಟೊದಲ್ಲೂ ಆ ಮುಖ ಕಾಣಿಸಿಕೊಳ್ಳುತ್ತದೆ. ಹುಬ್ಬಳ್ಳಿಯ ಮೌನೇಶ ಬಡಿಗೇರ ದಿನಾ ಬೆಳಿಗ್ಗೆ ತನ್ನ ಸ್ಟುಡಿಯೊದ ಗೋಡೆಯ ಮೇಲಿನ ಫೋಟೊಗಳನ್ನು ನೋಡಿಯೇ ಚಹಾ ಕುಡಿಯುತ್ತಾನೆ. ಹೋದ ವಾರ ಮಿರ್ಚಿ ಅಂಗಡಿಯವರ ಮುಖ ಬಂದಿತ್ತು.

ಸೋಮವಾರ ನೀಲವ್ವ ಮತ್ತೆ ಫೋಟೊ ನೋಡಲು ಬಂದರು. ಅವರ ತಮ್ಮ ಫಕೀರೇಶ ಜಗಳವಾಡಿ ಮನೆ ಬಿಟ್ಟು ಮೂರು ವರ್ಷ. ಅವನಿರುವುದು ಒಂದೇ ಫೋಟೊದಲ್ಲಿ. ಓಡುವ ಸೈಕಲ್ಲಿನ ಜತೆಗೇ ಕ್ಯಾಮೆರಾ ತಿರುಗಿಸಿ ಮೌನೇಶ ತೆಗೆದದ್ದು. ಮುಖದ ಜಾಗ ಖಾಲಿ, ಉಳಿದಂತೆ ಸವಾರ ಸ್ಪಷ್ಟ, ಬೀದಿಯೆಲ್ಲ ಗೆರೆಗೆರೆ. ನೀಲವ್ವ ಕೇಳಿದ್ದರೆಂದು ಈ ಸಲ ಅದನ್ನು ದೊಡ್ಡದಾಗಿ ಮುದ್ರಿಸಿದ್ದ.

ಬಿಳಿ ಮುಖದ ಮೇಲೆ ಎರಡು ಕಪ್ಪು ಗುರುತುಗಳಿದ್ದವು.

"ಅಣ್ಣಾರ, ಕಣ್ಣು ಮೂಡ್ಯಾವಲ್ರೀ!" ನೀಲವ್ವ ಕುರ್ಚಿ ಹಿಡಿದುಕೊಂಡರು.

ಮೌನೇಶ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದ. "ಕಣ್ಣಲ್ರೀ ಅಕ್ಕಾರ, ಗಾಳಿಗೆ ಹಾರಿದ ಕೂದಲ. ಎರಡ ಎಳಿ ಮುಖದ ಮ್ಯಾಲ ಬಂದಾವ, ಫೋಟೊ ದೊಡ್ಡದಾಗಿದ್ದಕ್ಕ ಈಗ ಕಾಣಾಕತ್ತಾವ."

ನೀಲವ್ವ ಭೂತಗನ್ನಡಿ ಕಸಿದುಕೊಂಡು ತಾವೇ ನೋಡಿದರು. ಕೂದಲೇ. ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾರ ಅರಾಮ ಅದಾನ," ಎಂದರು. "ಅಕ್ಕಗ ಒಂದ್ ಫೋನ್ ಮಾಡಾಕ ಏನ್ ಧಾಡಿ ಆಗೇತಿ ಇವಗ?"