ದಿಂಬಿನ ಕೆಳಗಿನ ಆಟಗಾರ

ಸಿಮೆಂಟ್ ಚೀಲದ ಕಾಗದದ ವಾಸನೆ ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಸಾಫ್ಟ್‌ವೇರ್ ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಅಪ್ಪ, ಕೂಲಿಯವರ ಶೆಡ್ಡಿನಲ್ಲಿ ಮಲಗಿಕೊಂಡೇ ಆ ಒರಟು ಕಾಗದ ಕತ್ತರಿಸಿ ಆಟಗಾರರ ಚೀಟಿ ಮಾಡಿದ್ದ. ನಾವಿಬ್ಬರೂ ದಾಳ ಹಾಕಿ ಕ್ರಿಕೆಟ್ ಆಡುತ್ತಿದ್ದೆವು. ಎರಡು ದಾಳದಲ್ಲೂ ಒಂದು ಬಿದ್ದರೆ ಬ್ಯಾಟ್ಸ್‌ಮನ್‌ಗೆ ಗಾಯ; ಅವನ ಚೀಟಿ ಮೂರು ಆಟ ದಿಂಬಿನ ಕೆಳಗೆ. "ಅವನ ಜಾಗಾ ಅವಗ ಇಡಬೇಕವ್ವಾ" ಎಂದು ನಿಯಮ ಮಾಡಿದವನೂ ಅಪ್ಪನೇ.

ಒಂದು ಮಧ್ಯಾಹ್ನ ಮೇಸ್ತ್ರಿ ಬಾಗಿಲಲ್ಲೇ ನಿಂತು ಹೇಳಿದ: "ನಿನ್ನ ಜಾಗಕ್ಕ ಬ್ಯಾರೆಯವ ಬಂದಾನ. ನಾಳೆ ಶೆಡ್ ಖಾಲಿ ಮಾಡು."

"ಆತ್ರಿ" ಎಂದ ಅಪ್ಪ.

ಅಪ್ಪನ ಮೇಲೆ ಬಂದಷ್ಟು ಸಿಟ್ಟು ಮೇಸ್ತ್ರಿಯ ಮೇಲೂ ಬರಲಿಲ್ಲ. ದಿಂಬಿನಡಿಯ ಚೀಟಿ ಎಳೆದು ಚೂರುಚೂರು ಮಾಡಿದೆ.

ಅಪ್ಪ ಚೂರುಗಳನ್ನು ಆರಿಸುತ್ತ ಕೇಳಿದ: "ಅವನ ಚೀಟಿ ಯಾಕ ಹರದಿ? ಮುಂದಿನ ಆಟಕ್ಕ ಬರಾಂವ ಇದ್ದ."