ಮೂರು ನೀರು

ತಟ್ಟೆಯ ಅಂಚಿನಲ್ಲಿದ್ದ ರೇಷ್ಮೆಹುಳು ತಲೆಯೆತ್ತಿ ಅತ್ತಿತ್ತ ಆಡಿಸಿತು. ಆಮೇಲೆ ಹಸಿರು ನೀರು ಕಕ್ಕಿತು. ಶಿವಲಿಂಗಮ್ಮ ಕೊಯ್ದು ತಂದ ಸೊಪ್ಪನ್ನು ಅಲ್ಲೇ ಬಿಟ್ಟು, ಕುಡುಗೋಲು ಹಿಡಿದುಕೊಂಡೇ ಬದುವಿನ ಕಡೆ ನಡೆದಳು.

ಬದುವಿನಾಚೆ ದಾಸಪ್ಪ ತನ್ನ ಟೊಮ್ಯಾಟೊ ಗಿಡಗಳ ನಡುವೆ ಬಗ್ಗಿದ್ದ.

"ಏನ್ಲಾ ದಾಸಪ್ಪ, ಮತ್ತೆ ಔಸ್ದಿ ಹೊಡ್ದ್ಯಾ?"

"ಇಲ್ಲ ಕಣಕ್ಕ. ಕಬ್ಬಾಳಮ್ಮನಾಣೆ. ಕಂಪ್ನಿ ಮೀಟಿಂಗ್ ಆದ್ಮ್ಯಾಕೆ ಈ ಕಡೆ ಸಾಲ್ಗೆ ಒಂದ್ ತೊಟ್ಟೂ ಬುಟ್ಟಿಲ್ಲ. ಒಸಿ ನೋಡು, ಕಾಯ್ನೆಲ್ಲ ಹುಳ ತೂತ್ ಮಾಡ್ಬುಟ್ಟವೆ."

"ನಿನ್ ಹುಳ ಬದ್ಕವೆ, ನನ್ ಹುಳ ಸಾಯ್ತಾವೆ. ಅದೆಂಗ್ಲಾ?"

ದಾಸಪ್ಪ ತಲೆ ಕೆರೆದುಕೊಂಡ. ತಲೆ ಕೆರೆದುಕೊಂಡವನೇ ತಪ್ಪಿತಸ್ಥ ಎಂದು ಶಿವಲಿಂಗಮ್ಮ ನಿಂತಲ್ಲೇ ತೀರ್ಪು ಕೊಟ್ಟಳು.

ಸಾತನೂರು ಕಡೆಯ ಆ ಊರಿನಲ್ಲಿ ಶುಚಿ ಎಂದರೆ ಶಿವಲಿಂಗಮ್ಮ. ಅವಳ ಹುಳುಮನೆಗೆ ಕಾಲಿಡಬೇಕಾದರೆ ಗಂಡ ವೆಂಕಟಯ್ಯನೂ ಕೈಕಾಲು ತೊಳೆದು, ಬಾಗಿಲಲ್ಲಿ ಹಾಕಿದ ಸುಣ್ಣದ ಪುಡಿ ತುಳಿದೇ ಬರಬೇಕು. ಬೀಡಿ ಸೇದಿ ಬಂದನೋ, ಅವತ್ತೆಲ್ಲ ಜಗಲಿಯೇ ಗತಿ. ಹೊಗೆ, ವಾಸನೆ, ಔಷಧಿ ಯಾವುದನ್ನೂ ಹುಳು ತಡೆದುಕೊಳ್ಳದು. ಅವಳ ಹಿಪ್ಪುನೇರಳೆ ತೋಟಕ್ಕೆ ಹಟ್ಟಿಯ ಗೊಬ್ಬರ ಬಿಟ್ಟರೆ ಇನ್ನೊಂದು ಬೀಳದು. ಔಷಧಿ ಹೊಡೆಯುವ ಟ್ಯಾಂಕನ್ನು ಎರವಲು ತಂದವಳೂ ಅಲ್ಲ.

ಇಷ್ಟಾದರೂ ಹಿಂದಿನ ಎರಡು ಬೆಳೆ ಗೂಡು ಕಟ್ಟುವ ಮೊದಲೇ ಸತ್ತುಹೋಗಿದ್ದವು. ಇದು ಮೂರನೆಯದು. ಹುಳು ಮೇವು ಬಿಟ್ಟು ಮಲಗುವ ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುವ ಹೊತ್ತು. ಬಿಡದಿ ಕಡೆ ಕಾರ್ಖಾನೆಗಳು ಏಳತೊಡಗಿದ ಮೇಲೆ ಇಟ್ಟಿಗೆ ಸುಡುವವರು ಮಣ್ಣು ಹುಡುಕಿಕೊಂಡು ಇಲ್ಲಿಯತನಕ ಬರುತ್ತಿದ್ದರು. "ಈ ಬೆಳೆನೂ ಹೋದ್ರೆ ಗಿಡ ಕೀಳ್ಸಿ ತ್ವಾಟದ್ ಮಣ್ಣು ಕೊಟ್ಬುಡ್ತೀನಿ, ಆಮ್ಯಾಕೆ ಅಳ್ಬ್ಯಾಡ" ಎಂದು ವೆಂಕಟಯ್ಯ ಹೇಳಿಯಾಗಿತ್ತು. ತವರಿನಿಂದ ಕಡ್ಡಿ ತಂದು ಅವಳೇ ನೆಟ್ಟು ಬೆಳೆಸಿದ ತೋಟ ಅದು. ಅದನ್ನು ಅಗೆಯುವುದನ್ನು ನೆನೆದರೇ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಅದೂ ಊರು ಸುಧಾರಿಸಿದ ಕಾಲದಲ್ಲಿ! ಔಷಧಿ ತಯಾರಿಸುವ ಕಂಪನಿಯೇ ಜೀಪು ಕಳಿಸಿತ್ತು. ಸರ್ಕಾರದ ಒತ್ತಾಯಕ್ಕಲ್ಲ, ನಾವಾಗಿಯೇ ಮಾಡುತ್ತಿದ್ದೇವೆ ಎಂದು ಕಂಪನಿಯ ಹುಡುಗಿ ಪ್ರತಿಮಾ ಮೀಟಿಂಗಿನಲ್ಲಿ ಹೆಮ್ಮೆಯಿಂದ ಹೇಳಿದ್ದಳು. ಹಿಪ್ಪುನೇರಳೆಯ ಪಕ್ಕದ ಸಾಲುಗಳಿಗೆ ಔಷಧಿ ಹೊಡೆಯಬಾರದು. ಖಾಲಿ ಡಬ್ಬಿ ಹಳ್ಳಕ್ಕೆ ಎಸೆಯಬಾರದು. ಮೂರು ನೀರಲ್ಲಿ ತೊಳೆದು, ತೂತು ಹೊಡೆದು ಕೊಟ್ಟರೆ ಕಂಪನಿಯೇ ಒಯ್ಯುತ್ತದೆ. ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಉಪ್ಪಿಟ್ಟು ಬಂತು, ಊರೆಲ್ಲ ಎದ್ದು ಆ ಕಡೆ ನುಗ್ಗಿತು.

ಡಬ್ಬಿ ಸೇರಿಸುವ ಹೊಣೆ ಯಾರಿಗೆ ಎಂದಾಗ ಎಲ್ಲರ ಬೆರಳೂ ಶಿವಲಿಂಗಮ್ಮನ ಕಡೆಗೇ ತಿರುಗಿತು. ಜನ ತೊಳೆದು ಕೊಟ್ಟಾರೆಯೇ? ಹೇಗಿತ್ತೋ ಹಾಗೆ ಗೋಣಿಯಲ್ಲಿ ತಂದು ಅವಳ ಅಂಗಳಕ್ಕೆ ಸುರಿದು ಹೋಗುವರು. ಅವಳು ಬೈದುಕೊಳ್ಳುತ್ತಲೇ ಸೆರಗು ಬಿಗಿದು ಒಂದೊಂದನ್ನೂ ಲಕಲಕ ಮಾಡಿಡುವಳು. ಹಳ್ಳದಲ್ಲೀಗ ಡಬ್ಬಿ ತೇಲುತ್ತಿರಲಿಲ್ಲ, ಮೀನು ಮತ್ತೆ ಕಾಣಿಸಿಕೊಂಡಿತ್ತು. ಊರಿನ ಮೀನು ಬದುಕಿ ತನ್ನ ಹುಳು ಸಾಯುತ್ತಿದ್ದರೆ ಅದು ದಾಸಪ್ಪನ ಕೆಲಸವಲ್ಲದೆ ಇನ್ನೇನು? ಅವಳು ಇದನ್ನೇ ಬಾವಿಯ ಹತ್ತಿರ ಹೇಳಿದಳು, ಹಾಲಿನ ಡೇರಿಯಲ್ಲಿ ಹೇಳಿದಳು. ಸಂಜೆಯೊಳಗೆ ಊರೇ ದಾಸಪ್ಪನನ್ನು ಕೆಕ್ಕರಿಸಿ ನೋಡತೊಡಗಿತು.

ಮಾರನೆಯ ಬೆಳಗ್ಗೆ ದಾಸಪ್ಪ ಟೊಮ್ಯಾಟೊ ಗಿಡಗಳನ್ನು ಕಾಯಿ ಸಮೇತ ಕಿತ್ತು ಬದುವಿನ ಮೇಲೆ ರಾಶಿ ಹಾಕಿದ. "ತಗೊಳಕ್ಕ. ಇನ್ನು ನಿನ್ ಹುಳಾನಾದ್ರೂ ಬದ್ಕಲಿ" ಎಂದ.

ಶಿವಲಿಂಗಮ್ಮನಿಗೆ ಅಯ್ಯೋ ಎನಿಸಿತು. ಆದರೂ ಪೀಡೆ ತೊಲಗಿತಲ್ಲ ಎಂಬ ಸಮಾಧಾನ. ಉಳಿದ ಹುಳುಗಳಿಗೆ ಒಳ್ಳೆಯ ಸೊಪ್ಪೇ ಬೀಳಲಿ ಎಂದು ಮನೆಯ ಪಕ್ಕದ ಸಾಲಿನದನ್ನು ಕೊಯ್ದಳು. ಬೇಸಿಗೆಯಲ್ಲೂ ಬಾಡದ ಸಾಲು. ಎಲೆಗಳೋ ಅಂಗೈಯಗಲ. ಹುಳುಗಳು ಸರಸರ ಮೇಯುವ ಸದ್ದು ಕೇಳಿ ಅವಳ ಮುಖ ಅರಳಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ತಟ್ಟೆಗಳಲ್ಲೂ ತಲೆಗಳು ಎದ್ದವು, ತೂಗಾಡಿದವು, ಕಕ್ಕಿದವು. ಅವಳು ಸತ್ತವನ್ನು ಆರಿಸಿದಳು, ಸುಣ್ಣ ಉದುರಿಸಿದಳು, ಬೀಸಣಿಗೆ ಬೀಸಿದಳು. ಆರಿಸಿದಷ್ಟೂ ಸತ್ತವು. ಹುಳುವಿಗೆ ಆಸ್ಪತ್ರೆ ಎಲ್ಲಿದೆ? ಕೊನೆಗೆ ಕೈಚೆಲ್ಲಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ವೆಂಕಟಯ್ಯ ಚಪ್ಪಲಿ ಮೆಟ್ಟಿ ಇಟ್ಟಿಗೆಯವರನ್ನು ಕಾಣಲು ಹೊರಟ.

ಅವನು ಹೋದ ದಾರಿಯಲ್ಲೇ ಕಂಪನಿಯ ಜೀಪು ಬಂತು. ಪ್ರತಿಮಾ ಹಾರ, ಶಾಲು ಹಿಡಿದು ಇಳಿದಳು. "ಇಡೀ ತಾಲ್ಲೂಕಲ್ಲೇ ನಿಮ್ಮವೇ ಚೊಕ್ಕ ಡಬ್ಬಿಗಳು ಶಿವಲಿಂಗಮ್ಮ. ಕಂಪನಿ ನಿಮಗೆ ಸನ್ಮಾನ ಮಾಡ್ತಿದೆ!"

ಶಿವಲಿಂಗಮ್ಮ ಒಳಗೆ ಕೈ ತೋರಿಸಿದಳು. ಪ್ರತಿಮಾ ಇಣುಕಿದಳು. ಹಸಿರು ಕಕ್ಕಿ ಬಿದ್ದ ಹುಳುಗಳನ್ನು ಕಂಡು ಹಾರ, ಶಾಲನ್ನು ಜಗಲಿಯ ಮೇಲಿಟ್ಟಳು. ಇದು ರೋಗವಲ್ಲ, ಔಷಧಿಯೇ ಎಂಬುದು ಅವಳಿಗೆ ಗೊತ್ತು.

"ದಾಸಪ್ಪಂದೇ ಕೆಲ್ಸ ಕಣವ್ವ" ಎಂದಳು ಶಿವಲಿಂಗಮ್ಮ.

ಪ್ರತಿಮಾ ಬದುವಿನಾಚೆಯ ಬೋಳು ಹೊಲ ನೋಡಿದಳು. ಅಂಗಳದಲ್ಲಿ ಹೊಳೆಯುತ್ತಿದ್ದ ಡಬ್ಬಿಗಳ ರಾಶಿ ನೋಡಿದಳು. ಅಂಜುತ್ತಲೇ ಕೇಳಿದಳು: "ಡಬ್ಬಿ ತೊಳೆದ ನೀರನ್ನ ಔಷಧಿ ಹೊಡೆಯೋ ಟ್ಯಾಂಕಿಗೇ ಸುರೀಬೇಕು ಅಂತ ಮೀಟಿಂಗಲ್ಲಿ ಹೇಳಿದ್ದೆ. ಹಾಗೇ ಮಾಡ್ತಿದ್ರಿ ತಾನೇ?"

"ಔಸ್ದಿನೇ ಹೊಡೀದೋರ್ ಮನೇಲಿ ಟ್ಯಾಂಕ್ ಎಲ್ಲೈತವ್ವ?" ಎಂದು ಶಿವಲಿಂಗಮ್ಮ ಅಂಗಳದ ಒಗೆಯುವ ಕಲ್ಲಿನ ಕಡೆ ತಿರುಗಿದಳು.

ಕಲ್ಲಿನಿಂದ ಹೊರಟ ನೀರಿನ ಜಾಡು ನೇರವಾಗಿ, ಬೇಸಿಗೆಯಲ್ಲೂ ಬಾಡದ ಆ ಹಿಪ್ಪುನೇರಳೆ ಸಾಲಿನ ಬುಡಕ್ಕೆ ಹರಿದು ಇಂಗಿತ್ತು.