ಸೀದ ರೊಟ್ಟಿ

ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆ ಬಂದರೆ ಸಾಕು, ತೊಂಬತ್ತು ದಾಟಿ ತೀರಿಕೊಂಡ ಅಪ್ಪ ಈಗಲೂ ನನ್ನ ಕಣ್ಣಮುಂದೆ ಎದ್ದು ಬಾಗಿಲಿಗೆ ಓಡುತ್ತಾನೆ.

ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ದಿನಗಳು. ಹೆರಿಗೆಗೆಂದು ಸಂತಪುರದ ತವರಿಗೆ ಹೋದ ಅವ್ವ, ದಾರಿ ಬಂದಾಗಿ ಅಲ್ಲೇ ಉಳಿದಿದ್ದಳು. ಅವಳ ಬಂಡಿ ಅಂದು ನಮ್ಮೂರು ಭಾಲ್ಕಿಗೆ ಬರುತ್ತದೆಂದು ಯಾರೋ ಹೇಳಿಕಳಿಸಿದ್ದರು. ಹಾದಿಯಲ್ಲಿ ಬಂಡಿಗಳನ್ನು ತಡೆಯುತ್ತಿದ್ದಾರೆ ಎಂಬ ಸುದ್ದಿ ಬೇರೆ.

ಎಂದೂ ಒಲೆಯ ಮುಂದೆ ಕೂರದ ಅಪ್ಪ ಆ ಮಧ್ಯಾಹ್ನ ಹಿಟ್ಟು ನಾದಿ ರೊಟ್ಟಿ ಬಡಿಯಲು ಕುಳಿತ. ಬೀದಿಯಲ್ಲಿ ಗಾಲಿಯ ಸದ್ದಾದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಎದ್ದು ಓಡುತ್ತಿದ್ದ.

"ಅಪ್ಪಾ, ರೊಟ್ಟಿ ಸುಡ್ಲತ್ತದ!" ಎಂದು ನಾನು ಕೂಗುತ್ತಿದ್ದೆ.

"ಸುಡಲಿ ಬಿಡವ್ವ, ಇನ್ನೊಂದು ಬಡಿತೇನಿ," ಎನ್ನುತ್ತಿದ್ದ. ಮುಖ ಮಾತ್ರ ಬಾಗಿಲ ಕಡೆಗೇ.

ಹೊತ್ತು ಇಳಿಯುವಾಗ ಬಂಡಿ ನಮ್ಮ ಮನೆಯೆದುರೇ ನಿಂತಿತು. ಆಗ ಅಪ್ಪ ಏಳಲೇ ಇಲ್ಲ. ಕೂಸನ್ನೆತ್ತಿಕೊಂಡು ಅವ್ವ ಒಳಗೆ ಬಂದರೆ, "ಬಂದಿ? ಕೂಡು," ಎಂದವನೇ ತಲೆ ಬಗ್ಗಿಸಿ ಒಲೆ ಊದತೊಡಗಿದ.

ಅವ್ವ ಬುಟ್ಟಿಯ ಬಟ್ಟೆ ಸರಿಸಿದಳು. ಕರಕಲು ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಎಲ್ಲಕ್ಕಿಂತ ಕಪ್ಪಗಿದ್ದದ್ದನ್ನು ಮುರಿದು ಬಾಯಿಗಿಟ್ಟುಕೊಂಡು ಮೆಲ್ಲಗೆ ಕೇಳಿದಳು:

"ಇಷ್ಟು ಸಲ ಬಾಗಲಿಗಿ ಹೋಗಿದ್ರಿ?"